ನಡುಗಿ ಕೊಯ್ಯುವ ಯಂತ್ರ

ಯಂತ್ರಗಳ ಚಲನೆಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಸುತ್ತುವುದು ಒಂದು ಬಗೆ. ಬಾವಿಯ ರಾಟೆ, ಎಣ್ಣೆಯ ಗಾಣ, ವಿದ್ಯುತ್ತಿನ ಪಂಖ ಇವೆಲ್ಲ ಸುತ್ತುತ್ತವೆ. ಹಿಂದಕ್ಕೂ ಮುಂದಕ್ಕೂ ನೇರವಾಗಿ ಜರುಗುವುದು ಇನ್ನೊಂದು. ಬಡಗಿಯ ಗರಗಸವೂ ಹೊಲಿಗೆಯ ಯಂತ್ರದ ಸೂಜಿಯೂ ಈ ಜಾತಿಗೆ ಸೇರಿದವು. ಮೂರನೆಯದು ಆಂದೋಲನ, ಎಂದರೆ ಒಂದು ಅಕ್ಷದ ಸುತ್ತ ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ಹೊರಳುವುದು. ಹಗ್ಗ ಸುತ್ತಿ ಮಜ್ಜಿಗೆ ಕಡೆಯುವ ಕಡೆಗೋಲನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಆ ಕಡೆಗೋಲಿನ ಹೊರಳಾಟವನ್ನು ಕೇವಲ ಮೂರು ಡಿಗ್ರಿಗಳಿಗೆ ಇಳಿಸಿ, ಅದರ ವೇಗವನ್ನು ನೂರಾರು ಪಟ್ಟು ಏರಿಸಿ, ತುದಿಗೆ ಹಲ್ಲಿನ ಅಲಗೊಂದನ್ನು ಕಟ್ಟಿದರೆ ನಾವು ಈ ಲೇಖನದಲ್ಲಿ ವಿಚಾರಿಸಲಿರುವ ಯಂತ್ರವು ದೊರೆಯುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಆಸಿಲೇಟಿಂಗ್ ಮಲ್ಟಿ-ಟೂಲ್ ಎಂದು ಹೆಸರು. ಮುಂಬಯಿಯ ನಾಗದೇವಿ ಬೀದಿಯ ಅಂಗಡಿಗಳಲ್ಲಿ ಬರಿಯ ಮಲ್ಟಿ-ಟೂಲ್ ಎಂದರೆ ಸಾಕು. ನೋಡಲು ದಪ್ಪನೆಯ ಬ್ಯಾಟರಿ ದೀಪದಂತಿದ್ದು ಒಂದು ಕೈಯ ಹಿಡಿತಕ್ಕೆ ಸಿಕ್ಕುತ್ತದೆ. ಜಾಹೀರಾತುಗಳನ್ನು ನಂಬುವುದಾದರೆ ಇದೊಂದಿದ್ದರೆ ಬಡಗಿ, ಗಾರೆಯವ, ಬಣ್ಣದವ ಈ ಮೂವರಲ್ಲಿ ಯಾರನ್ನೂ ಮನೆಗೆ ಕರೆಯಬೇಕಾಗಿಲ್ಲ. ನಾವು ಹಾಗೆ ನಂಬುವವರಲ್ಲ. ಹಲಗೆಯನ್ನು ನೇರವಾಗಿ ಉದ್ದಕ್ಕೆ ಸೀಳಲು ಕೈಗರಗಸವೇ ಇದಕ್ಕಿಂತ ಮೇಲು. ತೂತು ಕೊರೆಯಲು ಬೈರಿಗೆಯೇ ಬೇಕು. ಆದರೆ ಗೋಡೆಯೂ ನೆಲವೂ ಕೂಡುವ ಮೂಲೆ, ಕಪಾಟಿನ ಬೆನ್ನು, ಟೈಲುಗಳ ನಡುವಣ ಸಂದು ಇಂತಹ ಕೆಲವು ಸ್ಥಳಗಳು ಪ್ರತಿ ಮನೆಯಲ್ಲಿಯೂ ಉಂಟು. ಅಲ್ಲಿ ಗರಗಸವನ್ನು ಎಳೆಯಲು ಎಡೆಯಿಲ್ಲ, ಸುತ್ತುವ ಚಕ್ರವನ್ನು ಒಯ್ಯುವುದು ಅಪಾಯ. ಈ ಯಂತ್ರದ ರಾಜ್ಯವೆಲ್ಲ ಅಂತಹ ಇಕ್ಕಟ್ಟಿನಲ್ಲಿಯೇ.

ಇದರ ಹುಟ್ಟು ಆಸ್ಪತ್ರೆಯಲ್ಲಿ ಆಯಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಮೂಳೆ ಮುರಿದವರ ಕೈಕಾಲುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಕಟ್ಟನ್ನು ಹಾಕುವುದು ಸರಿಯಷ್ಟೆ. ಮೂಳೆ ಕೂಡಿದ ಮೇಲೆ ಕಲ್ಲಿನಂತೆ ಗಟ್ಟಿಯಾದ ಆ ಕಟ್ಟನ್ನು ಒಳಗಿನ ಚರ್ಮಕ್ಕೆ ಗಾಯವಾಗದಂತೆ ಬಿಚ್ಚುವುದು ಹೇಗೆ? ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ನಗರದಲ್ಲಿದ್ದ ಮೂಳೆವೈದ್ಯ ಹೋಮರ್ ಸ್ಟ್ರೈಕರ್ ಎಂಬವರು ಇದಕ್ಕೆಂದು ನಡುಗುವ ಗರಗಸವೊಂದನ್ನು ರಚಿಸಿ ೧೯೪೭ರಲ್ಲಿ ಪೇಟೆಂಟ್ ಪಡೆದರು. ಗಟ್ಟಿಯಾದ ಪ್ಲಾಸ್ಟರು ಅಲುಗದೆ ನಿಲ್ಲುವುದರಿಂದ ಹಲ್ಲುಗಳು ಅದನ್ನು ತರಿಯುತ್ತವೆ. ಮೆತ್ತನೆಯ ಚರ್ಮವಾದರೋ ಆ ಕೂದಲೆಳೆಯಷ್ಟು ಚಲನೆಯೊಡನೆ ತಾನೂ ಅತ್ತಿತ್ತ ತೂಗಿ ತಪ್ಪಿಸಿಕೊಳ್ಳುತ್ತದೆ. ಇದು ಆ ಗರಗಸದ ಗುಟ್ಟು. ಆದರೆ ಮರ ಕೊಯ್ಯುವ ಅಲಗಿನ ಹಲ್ಲು ಬಹಳ ಹರಿತ. ಎಲುಬಿನ ಮೇಲೆ ಬಿಗಿದ ಬೆರಳಿನ ಚರ್ಮಕ್ಕೆ ತೂಗುವಷ್ಟು ಸಡಿಲವೂ ಇಲ್ಲ. ಆದುದರಿಂದ ಈ ಗುಟ್ಟನ್ನು ಪರೀಕ್ಷಿಸಲು ಯಾರೂ ಮನೆಯ ಯಂತ್ರಕ್ಕೆ ಕೈಯೊಡ್ಡಬಾರದು.

೧೮೯೫ರಲ್ಲಿಯೇ ವಿದ್ಯುತ್ತಿನ ಕೈಬೈರಿಗೆಯನ್ನು ನಿರ್ಮಿಸಿ ಹೆಸರಾಗಿದ್ದ ಜರ್ಮನಿಯ ಫೈನ್ ಕಂಪನಿಯು ೧೯೬೭ರಲ್ಲಿ ತನ್ನದೊಂದು ಪ್ಲಾಸ್ಟರ್ ಗರಗಸವನ್ನು ಹೊರತಂದಿತು. ಅದೇ ಚಲನೆಯನ್ನು ಮುಂದೆ ಮೋಟಾರು ಗಾಡಿಗಳ ಗಾಜು ಬಿಡಿಸುವುದಕ್ಕೂ, ೧೯೮೦ರ ದಶಕದಲ್ಲಿ ಮುಮ್ಮೂಲೆಯ ತಟ್ಟೆಗೆ ಉಪ್ಪುಕಾಗದ ಅಂಟಿಸಿ ಮರ ಉಜ್ಜುವುದಕ್ಕೂ ಅಳವಡಿಸಿದರು. ೨೦೦೮ರ ಸುಮಾರಿಗೆ ಪೇಟೆಂಟಿನ ಅವಧಿ ತೀರಲು ಬೇರೆ ಕಂಪನಿಗಳೂ ಇಳಿದವು, ಬೆಲೆಯೂ ಇಳಿಯಿತು. ಅಲಗು ಕೂಡಿಸುವ ತಲೆಯ ಆಕಾರವು ಒಬ್ಬೊಬ್ಬರದು ಒಂದೊಂದು ತೆರನಾಗಿತ್ತು. ೨೦೧೬ರಲ್ಲಿ ಬಾಷ್ ಮತ್ತು ಫೈನ್ ಕಂಪನಿಗಳು ಸೇರಿ ಸ್ಟಾರ್‌ಲಾಕ್ ಎಂಬ ಒಂದು ಕ್ರಮವನ್ನು ತಂದವು. ಆದರೂ ಎಲ್ಲ ಅಲಗುಗಳೂ ಎಲ್ಲ ಯಂತ್ರಗಳಿಗೂ ಕೂಡುವುದಿಲ್ಲ. ಕೊಳ್ಳುವವರು ಅಂಗಡಿಯಲ್ಲಿಯೇ ಕೂಡಿಸಿ ನೋಡಿ ತರತಕ್ಕದ್ದು.

ಈಗ ಯಂತ್ರದ ಒಳಗನ್ನು ನೋಡೋಣ. ಮೋಟಾರಿನ ದಂಡವು ಎಲ್ಲ ಮೋಟಾರುಗಳಲ್ಲಿರುವಂತೆ ಗಿರ್ರನೆ ಸುತ್ತುತ್ತದೆ. ಅದರ ತುದಿಯಲ್ಲಿ ನಡುವಿನಿಂದ ತುಸು ಸರಿದ ಒಂದು ಗುಂಡುಕೀಲು ಇದೆ. ಇದನ್ನು ವಿಕೇಂದ್ರ ಕೀಲು ಎನ್ನಬಹುದು. ಕವಣೆಯ ಕವೆಗೋಲಿನಂತಹ ಎರಡು ಕವಲಿನ ಉಕ್ಕಿನ ತುಂಡೊಂದು ಈ ಕೀಲನ್ನು ಎರಡೂ ಪಕ್ಕದಿಂದ ತಬ್ಬಿಕೊಂಡಿದೆ. ಕವೆಯ ಬುಡವು ಅಲಗನ್ನು ಹೊರುವ ಇನ್ನೊಂದು ದಂಡಕ್ಕೆ ಬಿಗಿಯಲ್ಪಟ್ಟಿದೆ. ಆ ದಂಡವು ಮೋಟಾರಿನ ದಂಡಕ್ಕೆ ಲಂಬವಾಗಿ ನಿಂತಿದೆ. ಕೀಲು ಸುತ್ತುವಾಗ ಎಡಕ್ಕೆ ಸರಿದರೆ ಕವೆಯೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕೀಲು ಮೇಲೆ ಕೆಳಗೆ ಹೋಗುವ ಭಾಗವು ಕವೆಯ ಸಂದಿನಲ್ಲಿ ಸುಮ್ಮನೆ ಜಾರಿಹೋಗುವುದರಿಂದ ಅದರ ಪರಿಣಾಮವು ಅಲಗಿಗೆ ತಟ್ಟುವುದಿಲ್ಲ. ಮೋಟಾರಿನ ಒಂದು ಸುತ್ತಿಗೆ ಅಲಗಿನ ಒಂದು ಹೋಗಿಬರುವಿಕೆ. ನಿಮಿಷಕ್ಕೆ ಸುಮಾರು ೧೦,೦೦೦ದಿಂದ ೨೦,೦೦೦ದವರೆಗೆ ಇದನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೊಂದು ಹಿಡಿಯ ಮೇಲೆ ಇರುತ್ತದೆ.

ಇಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಲೆಕ್ಕವಿದೆ. ಚಾಪದ ಉದ್ದವು ತ್ರಿಜ್ಯವನ್ನು ರೇಡಿಯನ್ನಿನಲ್ಲಿರುವ ಕೋನದಿಂದ ಗುಣಿಸಿದಷ್ಟೆಂದು ಅವರು ಬಲ್ಲರು. ಅಕ್ಷದಿಂದ ಅಲಗಿನ ತುದಿ ೫೦ ಮಿಲಿಮೀಟರ್ ದೂರದಲ್ಲಿದ್ದು ಹೊರಳುವ ಕೋನವು ೩ ಡಿಗ್ರಿಯಾದರೆ, ತುದಿಯು ಒಮ್ಮೆ ಕ್ರಮಿಸುವ ದೂರ ೫೦ × ೦.೦೫೨, ಎಂದರೆ ೨.೬ ಮಿಲಿಮೀಟರ್. ಹೋಗಿಬರುವುದಕ್ಕೆ ೫.೨. ನಿಮಿಷಕ್ಕೆ ೨೦,೦೦೦ ಸಲವೆಂದರೆ ಸೆಕೆಂಡಿಗೆ ೩೩೩ ಸಲ. ಆಗ ಹಲ್ಲಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು ೧.೭ ಮೀಟರ್. ಅವಸರದಲ್ಲಿ ರೈಲಿಗೆ ನಡೆದುಹೋಗುವ ಮನುಷ್ಯನ ವೇಗ! ಇದಕ್ಕೆ ಪ್ರತಿಯಾಗಿ, ಕಲ್ಲು ಕಬ್ಬಿಣ ಕೊಯ್ಯಲು ಬಳಸುವ ಗ್ರೈಂಡರಿನ ೧೦೦ ಮಿಲಿಮೀಟರ್ ಬಿಲ್ಲೆಯು ನಿಮಿಷಕ್ಕೆ ೧೧,೦೦೦ ಸುತ್ತಿನಂತೆ ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ೫೭ ಮೀಟರಿಗೂ ಮಿಗಿಲು. ಮೂವತ್ತು ಪಟ್ಟಿಗಿಂತ ಹೆಚ್ಚಿನ ಅಂತರ. ಗ್ರೈಂಡರು ಎಲ್ಲಿಯಾದರೂ ಕಚ್ಚಿಕೊಂಡರೆ ಕೈಯಿಂದ ಕಿತ್ತು ಹಾರುತ್ತದೆ. ನಮ್ಮ ಯಂತ್ರವು ಕಚ್ಚಿಕೊಂಡರೆ ಕೈ ಗದಗದ ನಡುಗುತ್ತದೆ, ಅಷ್ಟೆ. ಹೊಸಬರ ಕೈಗೆ ಇದನ್ನು ಕೊಡಬಹುದೆಂದು ನಾವು ಹೇಳುವುದು ಈ ಲೆಕ್ಕದ ಬಲದಿಂದ.

ಅದೇ ಲೆಕ್ಕವು ಇದರ ದೋಷವನ್ನೂ ತೋರಿಸಿಕೊಡುತ್ತದೆ. ಉದ್ದ ಗರಗಸದ ಹಲ್ಲು ಒಂದೇ ಎಳೆತದಲ್ಲಿ ಮರದಿಂದ ಹೊರಗೆ ಬಂದು ಹೊಟ್ಟನ್ನು ಉದುರಿಸಿ ಗಾಳಿಗೆ ತಣಿದು ಮತ್ತೆ ಒಳಹೋಗುತ್ತದೆ. ಎರಡೂವರೆ ಮಿಲಿಮೀಟರು ಚಲಿಸುವ ಹಲ್ಲಿಗೆ ಹೊರಬರುವ ಭಾಗ್ಯವೇ ಇಲ್ಲ. ಹೊಟ್ಟು ಅಲ್ಲಿಯೇ ತುಂಬುತ್ತದೆ, ಉಜ್ಜಿ ಉಜ್ಜಿ ಕಾವೇರುತ್ತದೆ, ಮರ ಕರಿಕಾಗಿ ಹೊಗೆಯೇಳುತ್ತದೆ. ಸಾಮಾನ್ಯ ಇಂಗಾಲದ ಉಕ್ಕು ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಗಡಸನ್ನು ಕಳೆದುಕೊಳ್ಳತೊಡಗುವುದರಿಂದ ಒಮ್ಮೆ ಹೀಗೆ ಸುಟ್ಟ ಅಲಗು ಮತ್ತೆ ಕೊಯ್ಯದು. ಇದರ ಪರಿಹಾರವು ಕೈಯಲ್ಲಿಯೇ ಇದೆ. ಅಲಗನ್ನು ಒಂದೇ ಕಡೆ ಒತ್ತಿ ನಿಲ್ಲಿಸದೆ ತೊಟ್ಟಿಲು ತೂಗಿದಂತೆ ಮೆಲ್ಲಗೆ ಎಡಬಲಕ್ಕೆ ಓಲಾಡಿಸುತ್ತ, ಆಗಾಗ ಹೊರಗೆಳೆದು ಹೊಟ್ಟನ್ನು ಉದುರಿಸಬೇಕು. ಬಲವಾಗಿ ಒತ್ತಿದಷ್ಟೂ ಬೇಗ ಕೊಯ್ಯುವುದೆಂಬುದು ತಪ್ಪು ತಿಳಿವಳಿಕೆ. ಒತ್ತಿದರೆ ಮೋಟಾರು ಬಳಲಿ ಆಂದೋಲನವೇ ಕುಗ್ಗುತ್ತದೆ.

ಬಳಲಿದೆಯೆಂದು ತಿಳಿಯಲು ಕಿವಿಯೇ ಸಾಕು. ಸೆಕೆಂಡಿಗೆ ೩೩೩ ಕಂಪನಗಳೆಂದರೆ ಹಾರ್ಮೋನಿಯಮ್ಮಿನ ಬಿಳಿ ಮೂರರ ಹತ್ತಿರದ ಸ್ವರ. ಪೂರ್ಣ ವೇಗದಲ್ಲಿ ಯಂತ್ರವು ಆ ಸ್ವರದಲ್ಲಿ ಗುಂಯ್ಗುಡುತ್ತಿರುವುದು; ಒತ್ತಿದೊಡನೆ ಸ್ವರ ಇಳಿಯುತ್ತದೆ. ಸ್ವರ ಇಳಿಯದಷ್ಟೇ ಒತ್ತುವುದು ಸರಿಯಾದ ಒತ್ತಡ. ಸಂಗೀತ ಕಲಿಯುವ ಹುಡುಗಿಯರು ಇದನ್ನು ಬಡಗಿಯ ಮಕ್ಕಳಿಗಿಂತ ಬೇಗ ಹಿಡಿದಾರೆಂದು ನಮ್ಮ ಊಹೆ. ಆದರೆ ಸದ್ದು ಕರ್ಕಶವಾದುದರಿಂದ ಬಹಳ ಹೊತ್ತಿನ ಕೆಲಸವಿದ್ದಾಗ ಕಿವಿಗೆ ಬೆಣೆ ಅವಶ್ಯ. ಅದನ್ನು ಧರಿಸಿದ ಮೇಲೂ ಸ್ವರದ ಏರಿಳಿತ ಕೇಳಿಸುತ್ತದೆ.

ಅಲಗುಗಳ ಪೈಕಿ ಮುಖ್ಯವಾದವು ಮೂರು. ಬರಿಯ ಮರಕ್ಕೆ ಇಂಗಾಲದ ಉಕ್ಕಿನದು. ಮೊಳೆ ಇರಬಹುದೆಂಬ ಸಂದೇಹವುಳ್ಳ ಮರಕ್ಕೆ ಬೈಮೆಟಲ್, ಎಂದರೆ ಬಾಗುವ ಉಕ್ಕಿನ ಮೈಗೆ ಶಾಖ ತಾಳುವ ಉಕ್ಕಿನ ಹಲ್ಲುಗಳನ್ನು ಬೆಸೆದದ್ದು. ಗಾರೆ, ಟೈಲಿನ ಸಂದು ಇವಕ್ಕೆ ಹಲ್ಲಿಲ್ಲದ, ಕಾರ್ಬೈಡಿನ ಇಲ್ಲವೆ ವಜ್ರದ ಹರಳುಗಳನ್ನು ಅಂಚಿಗೆ ಕೂಡಿಸಿದ ಅರ್ಧಚಂದ್ರದ ಬಿಲ್ಲೆ. ಹಳೆಯ ಮನೆಯ ಮರದಲ್ಲಿ ಮೊಳೆ ಇಲ್ಲವೆಂದು ಯಾರೂ ಪ್ರಮಾಣ ಮಾಡಲಾರರಾದ್ದರಿಂದ, ಒಂದೇ ಅಲಗು ಕೊಳ್ಳುವ ಶಕ್ತಿಯಿದ್ದವರು ಬೈಮೆಟಲ್ಲನ್ನೇ ಕೊಳ್ಳಲಿ.

ಈ ಯಂತ್ರಕ್ಕೆ ನಿಜವಾಗಿ ಸಲ್ಲುವ ಕೆಲಸವೊಂದನ್ನು ಹೇಳುತ್ತೇವೆ. ನಗರದ ಫ್ಲಾಟುಗಳಲ್ಲಿ ಹಳೆಯ ನೆಲವನ್ನು ಅಗೆಯದೆ ಅದರ ಮೇಲೆಯೇ ಹೊಸ ಟೈಲು ಕೂಡಿಸುವ ರೂಢಿ ಹೆಚ್ಚುತ್ತಿದೆ. ಆಗ ಬಾಗಿಲಿನ ಚೌಕಟ್ಟಿನ ಬುಡದಲ್ಲಿ ತೊಡಕು. ಚೌಕಟ್ಟಿನ ಏಣು ಕೊರೆತಗಳಿಗೆ ಸರಿಯಾಗಿ ಟೈಲನ್ನು ಕತ್ತರಿಸುವುದು ಕಷ್ಟ. ಕತ್ತರಿಸಿದರೂ ಸುತ್ತ ಸಿಮೆಂಟಿನ ತೇಪೆ ಕಾಣುತ್ತದೆ. ಇದಕ್ಕೆ ಬದಲಾಗಿ ಚೌಕಟ್ಟಿನ ಕಾಲಿನ ಬುಡವನ್ನೇ ಟೈಲಿನ ದಪ್ಪದಷ್ಟು ಕೊಯ್ದು ಟೈಲನ್ನು ಅಡಿಗೆ ತೂರಿಸುವುದು ಲೇಸು. ಅಳತೆಗೋಲು ಬೇಕಾಗಿಲ್ಲ. ಹೊಸ ಟೈಲಿನ ಒಂದು ಚೂರನ್ನು ಮುಖ ಕೆಳಗಾಗಿ ನೆಲದ ಮೇಲಿಟ್ಟು, ಅಂಟಿನ ದಪ್ಪಕ್ಕೆ ಸಮನಾದ ರಟ್ಟನ್ನು ಅದರ ಕೆಳಗೆ ಹಾಕಿ, ಅದರ ಮೇಲೆ ಅಲಗನ್ನು ಮಲಗಿಸಿ ಕೊಯ್ಯಬೇಕು. ಅಲಗು ಯಂತ್ರದ ತಲೆಗಿಂತ ಕೆಳಕ್ಕೆ ಬಾಗಿದ್ದರೆ ಮಾತ್ರ ಹೀಗೆ ಚಪ್ಪಟೆಯಾಗಿ ಮಲಗೀತು.

ಪಶ್ಚಿಮದ ದೇಶಗಳ ಪುಸ್ತಕಗಳಲ್ಲಿ ಇದನ್ನು ಒಂದು ನಿಮಿಷದ ಕೆಲಸವೆಂದು ವರ್ಣಿಸಿರುತ್ತಾರೆ. ಅಲ್ಲಿ ಚೌಕಟ್ಟಿನ ಸುತ್ತ ಇರುವುದು ತೆಳ್ಳನೆಯ ಪಟ್ಟಿ. ನಮ್ಮ ಬಾಗಿಲುವಾಡವಾದರೋ ನಾಲ್ಕು ಅಂಗುಲ ಅಗಲ, ಎರಡೂವರೆ ಅಂಗುಲ ದಪ್ಪದ ಇಡೀ ಮರ. ಅಲಗಿನ ಆಳ ಒಂದೂವರೆ ಅಂಗುಲ. ಪೂರ್ತಿ ಕೊಯ್ಯಲು ಹೋದರೆ ನಡುವಿನ ಗಂಟು ಉಳಿದೇ ಉಳಿಯುತ್ತದೆ. ಪೂರ್ತಿ ಕೊಯ್ಯುವ ಅಗತ್ಯವಾದರೂ ಏನು? ಟೈಲು ಒಳಗೆ ಹೋಗಬೇಕಾದದ್ದು ಅರ್ಧ ಅಂಗುಲ. ಅಲಗಿನ ಮೇಲೆ ತುದಿಯಿಂದ ೧೫ ಮಿಲಿಮೀಟರಿಗೆ ಕಾಗದದ ಪಟ್ಟಿಯನ್ನು ಅಂಟಿಸಿಕೊಂಡು, ಕಾಣುವ ಮುಖಗಳಲ್ಲೆಲ್ಲ ಅಷ್ಟೇ ಆಳಕ್ಕೆ ಕೊಯ್ಯಿರಿ. ಕೆಳಗೆ ಉಳಿದ ತುಂಡಿನಲ್ಲಿ ಮರದ ಎಳೆಗಳು ನಿಂತ ದಿಕ್ಕಿನಲ್ಲಿದ್ದು ಬಹಳ ಗಿಡ್ಡವಾಗಿರುವುದರಿಂದ ಉಳಿಯ ಮೊನೆಯನ್ನು ತೂರಿಸಿ ಅದುಮಿದರೆ ಚಕ್ಕೆ ಚಕ್ಕೆಯಾಗಿ ಬಿಟ್ಟುಕೊಳ್ಳುತ್ತದೆ. ನಡುವಿನ ಮರವು ಮೊದಲಿನಂತೆ ನೆಲದ ಮೇಲೆ ಊರಿ ನಿಂತಿರುತ್ತದೆ. ಕೊಯ್ದ ಅಡ್ಡಮುಖವು ಬತ್ತಿಯಂತೆ ನೀರು ಹೀರುವುದಾದ್ದರಿಂದ ಟೈಲು ಕೂಡಿಸುವ ಮೊದಲು ಅದಕ್ಕೆ ಎರಡು ಸಲ ಬಣ್ಣದ ಪ್ರೈಮರ್ ಹಚ್ಚಬೇಕು. ಬಚ್ಚಲುಮನೆಯ ಬಾಗಿಲಲ್ಲಿ ಇದನ್ನು ಮಾಡಲೇಬೇಡಿ; ಅಲ್ಲಿ ಕಲ್ಲಿನ ಚೌಕಟ್ಟೇ ಯೋಗ್ಯ. ಕೊಯ್ಯುವಾಗ ಥಟ್ಟನೆ ಸದ್ದು ಬದಲಾಗಿ ಕಿಡಿ ಕಂಡರೆ ಒಳಗೆ ಕಬ್ಬಿಣವಿದೆಯೆಂದು ಅರ್ಥ.

ಕರಾವಳಿಯ ನಗರಗಳಲ್ಲಿ ಮಳೆಗಾಲ ಬಂತೆಂದರೆ ಬಾಗಿಲು ಕಚ್ಚಿಕೊಳ್ಳುವ ದೂರು ಮನೆಮನೆಯದು. ಮರವು ತೇವ ಹೀರಿ ಉಬ್ಬುವುದು ಎಳೆಗಳ ಅಡ್ಡಕ್ಕೆ. ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕಿಲ್ಲ. ಹೀಗಾಗಿ ಬಾಗಿಲು ಅಗಲವಾಗಿ ಚಿಲಕದ ಪಕ್ಕದಲ್ಲಿ ಉಜ್ಜುತ್ತದೆ. ಜುಲೈಯಲ್ಲಿ ಹತ್ತರಿ ಹೊಡೆದು ಸಡಿಲ ಮಾಡಿದ ಬಾಗಿಲು ಜನವರಿಯಲ್ಲಿ ಸಂದುಬಿಟ್ಟು ಗಾಳಿಗೆ ಪಟಪಟನೆ ಹೊಡೆಯುತ್ತದೆ. ಕೇವಲ ಬೀಗದ ನಾಲಗೆ ತನ್ನ ಗೂಡಿನಲ್ಲಿ ಕೂರುತ್ತಿಲ್ಲವೆಂದಾದರೆ ಬಾಗಿಲನ್ನು ಮುಟ್ಟಬೇಕಾಗಿಲ್ಲ. ಚೌಕಟ್ಟಿನ ತಗಡನ್ನು ಬಿಚ್ಚಿ ಅದರ ಗೂಡನ್ನು ಎರಡು ಮಿಲಿಮೀಟರ್ ಹಿಗ್ಗಿಸಿ, ತಗಡಿನ ತೂತನ್ನೂ ಅರದಿಂದ ಅಷ್ಟೇ ಉಜ್ಜಿದರೆ ಮುಗಿಯಿತು. ನಿಂತ ಬಾಗಿಲಿನಲ್ಲಿ, ಉಳಿಗೆ ಸುತ್ತಿಗೆಯ ಏಟು ಹಾಕಲು ತಾವಿಲ್ಲದ ಕಡೆ, ಈ ಯಂತ್ರದ ಕಿರಿಯಗಲದ ಅಲಗು ಅದನ್ನು ಬೆಣ್ಣೆಯಂತೆ ಮಾಡುತ್ತದೆ. ಅಡಿಗೆಮನೆಯ ಕಪಾಟಿನ ಬೆನ್ನಿನ ಪ್ಲೈವುಡ್ಡಿನಲ್ಲಿ ನಳಿಗೆಗೆ ಕಂಡಿ ಕೊರೆಯುವುದೂ ಹೀಗೆಯೇ ಸುಲಭ.

ಇನ್ನು ಬಚ್ಚಲುಮನೆ. ಮೇಲಿನ ಮನೆಯ ಬಚ್ಚಲು ಸೋರಿ ಕೆಳಗಿನ ಮನೆಯ ಚಾವಣಿ ಒದ್ದೆಯಾಗುವುದು, ಅದರಿಂದ ಎರಡು ಸಂಸಾರಗಳು ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸಿಕೊಳ್ಳುವುದು, ಕಟ್ಟಡಗಳಲ್ಲಿ ವಾಸಿಸುವ ನಮಗೆಲ್ಲ ತಿಳಿದ ಸಂಗತಿ. ಯಂತ್ರವನ್ನು ಕೈಗೆತ್ತಿಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಬೇಕು. ಎರಡು ಮೂರು ದಿನ ಆ ಬಚ್ಚಲನ್ನು ಬಳಸದೆ ಪೂರ್ಣ ಒಣಗಿಸಿ, ನಲ್ಲಿಗಳ ನೀರನ್ನು ಮಾತ್ರ ಬಂದ್ ಮಾಡದೆ ಇಡಿ. ಆಗಲೂ ಕೆಳಗೆ ಹನಿ ನಿಲ್ಲದಿದ್ದರೆ ಸೋರುತ್ತಿರುವುದು ನೀರಿನ ನಳಿಗೆ. ನೆಲವನ್ನು ಎಷ್ಟು ಕೆರೆದರೂ ಪ್ರಯೋಜನವಿಲ್ಲ. ಹನಿ ನಿಂತು, ಸ್ನಾನ ಮಾಡಿದ ಮೇಲೆ ಮತ್ತೆ ಬಂದರೆ ದೋಷವು ನೆಲದ್ದು ಅಥವಾ ನೀರು ಹೊರಹೋಗುವ ದಾರಿಯದು. ನೆಲದ ಸಂದುಗಳ ಗಾರೆ ಬಿರಿದು ಉದುರಿದ್ದರೆ ಅದನ್ನು ತೆಗೆದು ಹೊಸದನ್ನು ತುಂಬುವುದು ಎಲ್ಲಕ್ಕಿಂತ ಕಡಮೆ ಖರ್ಚಿನ ಪ್ರಯತ್ನ. ಇದರಿಂದ ಸೋರಿಕೆ ನಿಂತೇ ನಿಲ್ಲುವುದೆಂದು ಹೇಳುವವರ ಮಾತನ್ನು ನಂಬಬಾರದು. ನೀರನ್ನು ನಿಜವಾಗಿ ತಡೆಯುವುದು ಟೈಲಿನ ಕೆಳಗಿನ ಪದರ. ಅದು ಕೆಟ್ಟಿದ್ದರೆ ಟೈಲನ್ನೇ ಎಬ್ಬಿಸಬೇಕಾದೀತು.

ಅರ್ಧಚಂದ್ರದ ಬಿಲ್ಲೆಯನ್ನು ಸಂದಿನ ನಡುವೆ ಇಟ್ಟು, ನಿಧಾನದ ವೇಗದಲ್ಲಿ ಆರಂಭಿಸಿ, ಒಂದೇ ಸಲಕ್ಕೆ ಆಳಕ್ಕೆ ಹೋಗದೆ ಮೂರು ನಾಲ್ಕು ಸಲ ಹಾಯ್ದು ಗಾರೆಯನ್ನು ತೆಗೆಯಬೇಕು. ಎಂಟು ಮಿಲಿಮೀಟರ್ ದಪ್ಪದ ಟೈಲಾದರೆ ಐದು ಮಿಲಿಮೀಟರ್ ಆಳ ಸಾಕು. ಅದಕ್ಕಿಂತ ಕೆಳಗೆ ಇಳಿದರೆ ಉಳಿಸಬೇಕಾದ ಪದರವನ್ನೇ ಕೊಯ್ದು, ಹನಿಯುತ್ತಿದ್ದುದನ್ನು ಧಾರೆಯಾಗಿಸುವ ಸಂಭವವುಂಟು. ಸಂದು ಬಿಲ್ಲೆಗಿಂತ ಕಿರಿದಾಗಿದ್ದರೆ ಯಂತ್ರವನ್ನು ಬಿಟ್ಟು ಕೈಯ ಕೆರೆಯುವ ಅಲಗನ್ನೇ ಹಿಡಿಯಬೇಕು. ಇಲ್ಲವಾದರೆ ಟೈಲಿನ ಅಂಚು ಚಕ್ಕೆಯೇಳುವುದು. ಗೋಡೆಯ ಮೂಲೆಯ ಕೊನೆಯ ಅರ್ಧ ಅಂಗುಲವಂತೂ ಕೈಗೇ ಮೀಸಲು. ಬಚ್ಚಲಿನಲ್ಲಿ ಬ್ಯಾಟರಿಯ ಯಂತ್ರವೇ ಸುರಕ್ಷಿತ. ತಂತಿಯದಾದರೆ ನೆಲ ಪೂರ್ಣ ಒಣಗಿರಬೇಕು. ೩೦ ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್‌ಸಿಸಿಬಿ ಇರುವ ಸಂಪರ್ಕದಿಂದಲೇ ವಿದ್ಯುತ್ತನ್ನು ಪಡೆಯಬೇಕು.

ಬ್ಯಾಟರಿಯ ಯಂತ್ರವಿದೆಯೆಂದು ಗೋಡೆಯ ವಿಷಯದಲ್ಲಿ ಧೈರ್ಯ ತಾಳಬಾರದು. ಗೋಡೆಯೊಳಗೆ ಹಾಯ್ದ ತಂತಿಯಲ್ಲಿ ೨೩೦ ವೋಲ್ಟ್ ಇರುತ್ತದೆ. ಅಲಗು ಅದನ್ನು ಮುಟ್ಟಿದರೆ ಯಂತ್ರ ಯಾವುದಾದರೇನು? ತಂತಿಗಳು ಸಾಮಾನ್ಯವಾಗಿ ಸ್ವಿಚ್ಚುಹಲಗೆಯ ನೇರ ಮೇಲಕ್ಕೋ ಕೆಳಕ್ಕೋ ಹೋಗಿರುತ್ತವೆ. ಹಳೆಯ ಕಟ್ಟಡಗಳಲ್ಲಿ ಹಲವರು ಹಲವು ಕಾಲದಲ್ಲಿ ಕೈಯಾಡಿಸಿರುವುದರಿಂದ ಈ ನಿಯಮವನ್ನೂ ನೆಚ್ಚಲಾಗದು. ಗೋಡೆಯನ್ನು ಕೊಯ್ಯುವಾಗ ಮುಖ್ಯ ಸ್ವಿಚ್ಚನ್ನು ಆರಿಸುವುದೊಂದೇ ದಾರಿ.

ಧೂಳಿನ ಮಾತನ್ನು ನಾವು ಕೊನೆಗೆ ಇರಿಸಿಕೊಂಡದ್ದು ಅದು ಎಲ್ಲಕ್ಕಿಂತ ಗಂಭೀರವಾದುದರಿಂದ. ಕಣ್ಣಿಗೆ ಕನ್ನಡಕವನ್ನು ಜನರು ಹೇಗೋ ಧರಿಸುತ್ತಾರೆ. ಮೂಗಿಗೆ ಕರವಸ್ತ್ರ ಕಟ್ಟಿ ಸಾಕೆನ್ನುತ್ತಾರೆ. ಸಂದಿನ ಗಾರೆಯಲ್ಲಿಯೂ ಟೈಲಿನಲ್ಲಿಯೂ ಮರಳಿನ ಅಂಶವಿದೆ. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುತ್ತವೆ. ಕಲ್ಲುಗಣಿಯ ಕೆಲಸಗಾರರನ್ನು ಕೊಲ್ಲುವ ರೋಗವಿದು. ಒಂದು ದಿನ ಕೆಲಸ ಮಾಡಿದ ಮನೆಯವನಿಗೆ ಇದು ಬರುವ ಸಂಭವ ಕಡಮೆ. ಆದರೆ ನಾವು ಕರೆಸುವ ಗಾರೆಯವನು ವರ್ಷದ ಮುನ್ನೂರು ದಿನ ಈ ಧೂಳನ್ನೇ ಕುಡಿಯುತ್ತಾನೆ. ಎನ್-೯೫ ಮುಖಪಟ್ಟಿಯೊಂದನ್ನು ಅವನಿಗೂ ಕೊಡಬೇಕೆಂಬುದು ಎಷ್ಟು ಮಂದಿ ಯಜಮಾನರಿಗೆ ಹೊಳೆಯುತ್ತದೆ?

ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜುವಾಗ ಇನ್ನೊಂದು ಭಯ. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂಬ ಭಾರತ ಸರಕಾರದ ನಿಯಮವು ೨೦೧೬ರಲ್ಲಿ ಪ್ರಕಟವಾಗಿ ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಮುಂಚಿನ ಬಣ್ಣದಲ್ಲಿ ಎಷ್ಟಿದೆಯೋ ಬಲ್ಲವರಿಲ್ಲ. ಸೀಸದ ಧೂಳು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಹಳೆಯ ಕಿಟಕಿಯನ್ನು ಒಣಗಾಗಿ ಉಜ್ಜದೆ ಒದ್ದೆ ಮಾಡಿ ಕೈಯಿಂದ ಉಜ್ಜಿ, ಬಿದ್ದುದನ್ನು ಒದ್ದೆ ಬಟ್ಟೆಯಿಂದ ಬಳಿದು ತೆಗೆಯಬೇಕು. ಅಲ್ಲಿ ಯಂತ್ರಕ್ಕೆ ಕೆಲಸವಿಲ್ಲ. ಕಲ್ನಾರಿನ ತಗಡನ್ನಂತೂ ಯಾವ ಉಪಕರಣದಿಂದಲೂ ಮನೆಯಲ್ಲಿ ಕೊಯ್ಯಕೂಡದು. ಅದರ ನಾರುಗಳು ಒಳಹೊಕ್ಕ ಎಷ್ಟೋ ದಶಕಗಳ ತರುವಾಯ ಕ್ಯಾನ್ಸರ್ ಆಗಿ ತಲೆಯೆತ್ತುತ್ತವೆ.

ಸಂದುಗಳನ್ನು ಕೆರೆದ ಮೇಲೆ ಧೂಳನ್ನು ಪೂರ್ಣ ತೆಗೆದು, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಹೊಸ ಗಾರೆಯನ್ನು ಕಲಸಿ, ರಬ್ಬರಿನ ಪಟ್ಟಿಯಿಂದ ಓರೆಯಾಗಿ ಒತ್ತಿ ತುಂಬಬೇಕು. ಎಪಾಕ್ಸಿಯ ಗಾರೆಯು ಸಿಮೆಂಟಿನದಕ್ಕಿಂತ ದುಬಾರಿ, ಆದರೆ ಬಚ್ಚಲಿನ ನೆಲಕ್ಕೆ ಅದೇ ಉತ್ತಮ. ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಕಲಸಿಕೊಳ್ಳಬೇಕು. ಕಡಮೆಯೆಂದರೆ ಒಂದು ಹಗಲು ಒಂದು ರಾತ್ರಿ ಯಾರೂ ಅಲ್ಲಿ ನೀರು ಹಾಕಬಾರದು. ಮನೆಯಲ್ಲಿ ಒಂದೇ ಬಚ್ಚಲಿದ್ದರೆ, ಆ ದಿನದ ಸ್ನಾನಕ್ಕೆ ನೆರೆಯವರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.